ಗೋಡೆಗೆ ಮುಖ ಮಾಡಿದ ಸ್ಪೀಕರ್

ಶುರು ಮಾಡೋ ಮುಂಚೆ ಒಂದು ಸಣ್ಣ ಕೆಲಸ. ಫೋನ್‌ನಲ್ಲಿ ಸ್ಪೀಕರ್ ಇರೋ ತುದಿಯನ್ನ ಗೋಡೆ ಕಡೆ ತಿರುಗಿಸಿ. ನನ್ನ ದನಿ ಬದಲಾಯ್ತು, ಅಲ್ವಾ? ಈಗ ನಿಮಗೆ ಕೇಳಿಸ್ತಿರೋದು ಬರೀ ಫೋನ್ ಅಲ್ಲ, ಗೋಡೆ ಕೂಡ.

ಈ ಗೋಡೆಯನ್ನೇ ನಂಬಿ ಒಬ್ಬರು ಸ್ಪೀಕರ್ ಮಾಡಿದ್ರು. ಅಮರ್ ಬೋಸ್. ಹುಟ್ಟಿದ್ದು 1929ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ತಂದೆ ನೋನಿ ಗೋಪಾಲ್ ಬೋಸ್ ಬ್ರಿಟಿಷರನ್ನ ಎದುರು ಹಾಕಿಕೊಂಡು, ಬಂಗಾಳ ಬಿಟ್ಟು ಅಲ್ಲಿಗೆ ಹೋದವರು. ಅಮರ್ ಚಿಕ್ಕಂದಿನಲ್ಲೇ ವಯಲಿನ್ ಕಲಿತಿದ್ದರು. 1956ರಲ್ಲಿ, ಎಂಐಟಿಯಲ್ಲಿ ಓದು ಮುಗಿಸೋ ಹೊತ್ತಿಗೆ, ಒಂದು ಹೈ-ಫೈ ಸೆಟ್ ಕೊಂಡರು. ಕಾಗದದ ಮೇಲಿನ ಅಂಕಿ-ಅಂಶ ನೋಡಿದ್ರೆ ಅದ್ಭುತ. ಹಾಕಿ ಕೇಳಿದ್ರೆ ವಯಲಿನ್ ವಯಲಿನ್ ಥರ ಇಲ್ಲ!

ಕಾರಣ ಹುಡುಕ್ತಾ ಹೋದಾಗ ಅವರಿಗೆ ಕಂಡದ್ದು ಇದು: ಸಂಗೀತ ಸಭಾಂಗಣದಲ್ಲಿ ವಾದ್ಯದಿಂದ ನೇರವಾಗಿ ಕಿವಿಗೆ ಬರೋ ಸದ್ದು ಕಡಿಮೆ. ಬಹುಪಾಲು ಗೋಡೆ, ಚಾವಣಿಗೆ ಬಡಿದು ಬರುತ್ತೆ. ಮನೆ ಸ್ಪೀಕರ್‌ಗಳೋ, ಎಲ್ಲವನ್ನೂ ನೇರ ನಮ್ಮ ಮುಖಕ್ಕೇ ಎರಚುತ್ತವೆ.

1968ರಲ್ಲಿ ಅವರ ಕಂಪನಿ ‘ಬೋಸ್ 901’ ಬಿಡುಗಡೆ ಮಾಡ್ತು. ಒಂದು ಪೆಟ್ಟಿಗೆಯಲ್ಲಿ ಒಂಬತ್ತು ಸಣ್ಣ ಸ್ಪೀಕರ್. ಕೇಳುಗರ ಕಡೆಗೆ ಮುಖ ಮಾಡಿದ್ದು ಒಂದೇ ಒಂದು, ಉಳಿದ ಎಂಟೂ ಹಿಂದಿನ ಗೋಡೆಗೆ! ಗೋಡೆ ಇಲ್ಲಿ ಅಡ್ಡಿಯಲ್ಲ, ಸ್ಪೀಕರಿನದೇ ಒಂದು ಭಾಗ.

ಸದ್ದು ವಿಶಾಲವಾಯ್ತು, ಕೋಣೆ ತುಂಬಿತು. ಆದ್ರೆ ಒಂದು ತೊಡಕು. ಸದ್ದು ಎಲ್ಲಿಂದ ಬಂತು ಅಂತ ನಮ್ಮ ಕಿವಿ ತೀರ್ಮಾನಿಸೋದು ಮೊದಲು ತಲುಪಿದ ಅಲೆಯಿಂದ. ಸಭಾಂಗಣದಲ್ಲಿ ಗೋಡೆ ದೂರ; ಹತ್ತು ಮೀಟರ್ ಹೆಚ್ಚು ಸುತ್ತಿ ಬರೋ ಅಲೆ ಸುಮಾರು 30 ಮಿಲಿಸೆಕೆಂಡ್ ತಡವಾಗುತ್ತೆ. ಮನೆಯಲ್ಲಿ ಸ್ಪೀಕರಿಗೂ ಗೋಡೆಗೂ ಒಂದಡಿ ಅಂತರ ಇದ್ರೆ, ತಡ ಆಗೋದು ಹೆಚ್ಚುಕಮ್ಮಿ 2 ಮಿಲಿಸೆಕೆಂಡ್. ನೇರ ಬಂದದ್ದೂ ಬಡಿದು ಬಂದದ್ದೂ ಕಲೆತುಹೋಗುತ್ತೆ. ವಾದ್ಯ ಇಂಥ ಜಾಗದಲ್ಲೇ ಇದೆ ಅಂತ ಬೆರಳು ತೋರಿಸೋದು ಕಷ್ಟ.

ಇದನ್ನೇ 1970ರಲ್ಲಿ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆ ಬರೀತು. ವಾದ್ಯಗಳು ದೈತ್ಯವಾಗಿ ಬೆಳೆದು, ಕೋಣೆಯಲ್ಲೆಲ್ಲಾ ಅಲೆದಾಡಿದಂತೆ ಕೇಳುತ್ತೆ ಅಂತ. ಬೋಸ್ ಕಂಪನಿ ಕೋರ್ಟಿಗೆ ಹೋಯ್ತು.

ಅಲ್ಲಿ ಪತ್ರಿಕೆಯ ಎಂಜಿನಿಯರ್ ಹೇಳಿದ್ದು, ಸದ್ದು ಅಲೆದಾಡಿದ್ದು ಎರಡು ಸ್ಪೀಕರ್ ನಡುವಿನ ಗೋಡೆಯುದ್ದಕ್ಕೂ ಅಂತ. ಹಾಗಾದ್ರೆ ‘ಕೋಣೆಯಲ್ಲೆಲ್ಲಾ’ ಅಂತ ಬರೆದದ್ದು ಸುಳ್ಳು, ಅದೂ ಗೊತ್ತಿದ್ದೇ ಬರೆದ ಸುಳ್ಳು ಅಂತ ಕೆಳಗಿನ ಕೋರ್ಟ್ ತೀರ್ಪು ಕೊಡ್ತು. ಪರಿಹಾರ ಸುಮಾರು 1,15,000 ಡಾಲರ್. ಮೇಲ್ಮನವಿಯಲ್ಲಿ ಅದು ತಿರುಗಿಬಿತ್ತು. ಕೊನೆಗೆ 1984ರಲ್ಲಿ ಸುಪ್ರೀಂ ಕೋರ್ಟ್, 6–3 ಬಹುಮತದಿಂದ ಪತ್ರಿಕೆಯ ಪರ ನಿಂತಿತು. ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಬರೆದ ತೀರ್ಪಿನ ಸಾರ ಇಷ್ಟೇ: ಕೇಳಿದ್ದನ್ನ ಹೇಳೋವಾಗ ಪದ ಸರಿಯಾಗಿ ಕೂರದೇ ಇರಬಹುದು. ಅಷ್ಟಕ್ಕೇ ಅದು ದುರುದ್ದೇಶದ ಸುಳ್ಳು ಆಗಲ್ಲ.

ನಾನು ಬಿ.ಕಾಂ. ಓದಿದವನು. ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದ್ರೂ ಗೊತ್ತಾಗುತ್ತೆ, ತಿದ್ದಬಹುದು. ಸದ್ದಿಗೆ ಅಂಥ ಖಾತೆ-ಪುಸ್ತಕ ಇಲ್ಲ. ಅದೇ ಸ್ಪೀಕರ್ ನಿಮ್ಮ ಹಾಲ್‌ನಲ್ಲಿ ಒಂದು ಥರ, ನಾನು ರಜಾಯಿ ನೇತುಹಾಕಿಕೊಂಡು ರೆಕಾರ್ಡ್ ಮಾಡೋ ಈ ಬಾಡಿಗೆ ರೂಮಿನಲ್ಲಿ ಇನ್ನೊಂದು ಥರ. ಆದ್ರೂ ನನಗೆ ಕೇಳಿಸಿದ್ದನ್ನ ನಿಮಗೆ ಹೇಳಲೇಬೇಕು, ಸಿಕ್ಕ ಪದದಲ್ಲೇ. ಆ ಪದ ಒಂದೊಂದ್ಸಲ ಜಾರುತ್ತೆ. ಹಾಗೆ ಜಾರೋದಕ್ಕೂ ಸುಳ್ಳಿಗೂ ನಡುವಿನ ಗೆರೆ ಎಳೆಯೋಕೆ ಅಲ್ಲಿ 14 ವರ್ಷ ಬೇಕಾಯ್ತು. ಆ ಗೆರೆ ಇಲ್ಲದಿದ್ರೆ, ಕಂಪನಿಗಳ ವಸ್ತು ಬಗ್ಗೆ ನನ್ನಂಥವರು ಮೈಕ್ ಮುಂದೆ ಬಾಯಿ ಬಿಡೋಕೇ ಹೆದರಬೇಕಿತ್ತು.

ಸರಿ, ಫೋನ್ ಮತ್ತೆ ನಿಮ್ಮ ಕಡೆ ತಿರುಗಿಸಿಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.