ಯಾವ ಕಾರ್ಡ್ ತಗೊಳ್ಳಲಿ? 1999ರಿಂದ ಇವತ್ತಿನವರೆಗೆ ಒಂದೇ ಪ್ರಶ್ನೆ

ಚೆನ್ನೈನ ಮಾಧವರಂನಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ವಿಷಯ ಗ್ರಾಫಿಕ್ಸ್ ಕಾರ್ಡ್. ರಿವ್ಯೂ ಅಲ್ಲ, ಇತಿಹಾಸ.

ನಮ್ಮ ಮಾಧವರಂನಿಂದ ಮೌಂಟ್ ರೋಡ್ ಕಡೆ ಹೋದರೆ ರಿಚಿ ಸ್ಟ್ರೀಟ್ ಸಿಗುತ್ತೆ. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಹೇಗೋ ಚೆನ್ನೈನವರಿಗೆ ಇದು ಹಾಗೆ. ಇಕ್ಕಟ್ಟಾದ ಬೀದಿ, ಎರಡೂ ಕಡೆ ಎಲೆಕ್ಟ್ರಾನಿಕ್ಸ್ ಅಂಗಡಿಗಳು, ಮಧ್ಯೆ ತಳ್ಳುಗಾಡಿ, ಬೈಕು. ಅಲ್ಲಿ ಕಂಪ್ಯೂಟರ್ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತರೆ ಒಂದು ಪ್ರಶ್ನೆ ಕಿವಿಗೆ ಬಿದ್ದೇ ಬೀಳುತ್ತೆ: ಇಷ್ಟು ದುಡ್ಡಿದೆ, ಈ ಎರಡು ಕಾರ್ಡಲ್ಲಿ ಯಾವುದು? ಉತ್ತರ ಹೇಳೋರೂ ಬೇಕಾದಷ್ಟು ಜನ. ಒಬ್ಬ ಫ್ರೇಮ್ ಲೆಕ್ಕ ಹೇಳ್ತಾನೆ, ಇನ್ನೊಬ್ಬ ಕಂಪನಿ ಹೆಸರು ಹೇಳ್ತಾನೆ. ಆದರೆ ಈ ಪ್ರಶ್ನೆಗೆ ಇಪ್ಪತ್ತೈದು ವರ್ಷಕ್ಕಿಂತ ಹೆಚ್ಚಿನ ಚರಿತ್ರೆ ಇದೆ. ಹಿಂದೆ ಇದೇ ಪ್ರಶ್ನೆಗೆ ಜನ ಕೊಟ್ಟ ಉತ್ತರಗಳು ನಾಲ್ಕೈದು ವರ್ಷ ಆದ ಮೇಲೆ ಏನಾದವು ಅನ್ನೋದನ್ನ ನೋಡಿದರೆ ಇವತ್ತಿನ ಉತ್ತರ ಸುಲಭ ಆಗುತ್ತೆ.

ಮೊದಲು ಒಂದು ಸಣ್ಣ ಲೆಕ್ಕ. ಸಾಧಾರಣ ಮಾನಿಟರ್‌ನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರ್ತವೆ. ಒಟ್ಟು ಸುಮಾರು 20 ಲಕ್ಷದ 73 ಸಾವಿರ. ಸೆಕೆಂಡಿಗೆ 60 ಸಲ ಚಿತ್ರ ಬದಲಾಗಬೇಕು ಅಂದ್ರೆ ಸೆಕೆಂಡಿಗೆ 12 ಕೋಟಿಗೂ ಹೆಚ್ಚು ಚುಕ್ಕೆಗಳ ಬಣ್ಣ ಲೆಕ್ಕ ಹಾಕಬೇಕು. ಈ ಕೂಲಿ ಕೆಲಸ ಮಾಡೋದೇ ಗ್ರಾಫಿಕ್ಸ್ ಕಾರ್ಡ್. ಅದರ ಚಿಪ್ ಕೆಲಸಗಾರ, ಅದರ ಮೆಮೊರಿ ಅವನು ಸಾಮಾನು ಹರಡಿಕೊಳ್ಳೋ ಮೇಜು, ಡ್ರೈವರ್ ಅನ್ನೋ ತಂತ್ರಾಂಶ ಅವನಿಗೆ ಕೆಲಸ ಹೇಳೋ ಮೇಸ್ತ್ರಿ. ಈ ಮೂರನ್ನ ನೆನಪಿಟ್ಕೊಳ್ಳಿ.

1999: ವೂಡೂ 3 ಮತ್ತು ಟಿಎನ್‌ಟಿ 2

1996ರಲ್ಲಿ ಅಮೆರಿಕದ ತ್ರೀಡಿಎಫ್‌ಎಕ್ಸ್ ಅನ್ನೋ ಕಂಪನಿ ವೂಡೂ ಅನ್ನೋ ಕಾರ್ಡ್ ತಂತು. ಕ್ವೇಕ್ ಥರದ ಆಟ ಆಡೋರಿಗೆ ಅದು ಬೇರೆ ಲೋಕವನ್ನೇ ತೋರಿಸ್ತು. 1998ರ ವೂಡೂ 2 ಬಂದಾಗ ಎರಡು ಕಾರ್ಡ್ ಜೋಡಿಸಿ ಓಡಿಸೋ ಸೌಲಭ್ಯವೂ ಬಂತು. ಆ ಕಾಲಕ್ಕೆ ಅದೇ ರಾಜ. ಆಟ ಮಾಡೋರೂ ಆ ಕಂಪನಿಯ ಗ್ಲೈಡ್ ಅನ್ನೋ ತಂತ್ರಾಂಶ ಭಾಷೆಯಲ್ಲೇ ಆಟ ಬರೀತಿದ್ದರು.

ಎದುರಾಳಿ ಎನ್ವಿಡಿಯಾ. 1993ರಲ್ಲಿ ಜೆನ್ಸನ್ ಹುವಾಂಗ್, ಕ್ರಿಸ್ ಮಲಚೌಸ್ಕಿ, ಕರ್ಟಿಸ್ ಪ್ರೀಮ್ ಅನ್ನೋ ಮೂವರು ಶುರು ಮಾಡಿದ ಕಂಪನಿ. 1999ರಲ್ಲಿ ಇಬ್ಬರೂ ಮುಖಾಮುಖಿ ಆದರು. ತ್ರೀಡಿಎಫ್‌ಎಕ್ಸ್‌ನದು 16 ಎಂಬಿಯ ವೂಡೂ 3, ಎನ್ವಿಡಿಯಾದ್ದು 32 ಎಂಬಿವರೆಗೂ ಸಿಗ್ತಿದ್ದ ಟಿಎನ್‌ಟಿ 2. ವೂಡೂ 3 ವೇಗವಾಗಿತ್ತು, ಗ್ಲೈಡ್ ಆಟಗಳೆಲ್ಲ ಅದರಲ್ಲಿ ಸೊಗಸಾಗಿ ಓಡ್ತಿದ್ದವು. ಆದರೆ ಆಟದೊಳಗೆ ಅದು ಕೊಡ್ತಿದ್ದದ್ದು 16 ಬಿಟ್ ಬಣ್ಣ, ಅಂದ್ರೆ 65,536 ಬಣ್ಣ. ಟಿಎನ್‌ಟಿ 2 ಕೊಡ್ತಿದ್ದದ್ದು 32 ಬಿಟ್, ಅಂದ್ರೆ ಒಂದು ಕೋಟಿ 67 ಲಕ್ಷ ಬಣ್ಣ. "ಅಷ್ಟು ಬಣ್ಣ ಯಾರಿಗೆ ಬೇಕು, ವೇಗ ಇದ್ರೆ ಸಾಕು" ಅನ್ನೋದು ಒಂದು ವಾದ. ಅವತ್ತಿನ ಆಟಗಳ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ.

ಮುಂದೇನಾಯ್ತು? ಆಟಗಳು 32 ಬಿಟ್‌ಗೆ ಹೋದವು. ಗ್ಲೈಡ್ ಬಿಟ್ಟು ಎಲ್ಲರಿಗೂ ಹೊಂದೋ ಡೈರೆಕ್ಟ್‌ಎಕ್ಸ್, ಓಪನ್‌ಜಿಎಲ್ ಕಡೆ ತಿರುಗಿದವು. ಅಷ್ಟರಲ್ಲಿ ತ್ರೀಡಿಎಫ್‌ಎಕ್ಸ್ ಎಸ್‌ಟಿಬಿ ಅನ್ನೋ ಕಾರ್ಡ್ ತಯಾರಕ ಕಂಪನಿಯನ್ನ ಕೊಂಡು, ಕಾರ್ಡನ್ನ ತಾನೇ ಮಾಡಿ ಮಾರೋಕೆ ಹೊರಟಿತ್ತು. ಅದುವರೆಗೂ ಅದರ ಚಿಪ್ ಹಾಕಿ ಕಾರ್ಡ್ ಮಾಡ್ತಿದ್ದವರು ಎನ್ವಿಡಿಯಾ ಕಡೆ ನಡೆದರು. 2000ದ ಡಿಸೆಂಬರ್‌ನಲ್ಲಿ ತ್ರೀಡಿಎಫ್‌ಎಕ್ಸ್‌ನ ಆಸ್ತಿಯನ್ನ ಎನ್ವಿಡಿಯಾನೇ ಕೊಂಡುಕೊಳ್ತು. 2002ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕ್ತು. ವೂಡೂ ಕೊಂಡವರ ಕಾರ್ಡ್ ಕೆಟ್ಟಿರಲಿಲ್ಲ. ಆದರೆ ಮೇಸ್ತ್ರಿ ಇರಲಿಲ್ಲ. ಹೊಸ ಡ್ರೈವರ್ ಬೇಕಂದ್ರೆ ಹವ್ಯಾಸಿಗಳು ತಿದ್ದಿ ಹಂಚಿದ್ದನ್ನೇ ಹಾಕ್ಕೋಬೇಕಾಯ್ತು.

2002-03: ಗೆದ್ದವನೂ ಎಡವಿದ

ಹಾಗಾದ್ರೆ ಕಣ್ಣು ಮುಚ್ಚಿ ಎನ್ವಿಡಿಯಾ ಅಂತೀರಾ? ಎರಡೇ ವರ್ಷಕ್ಕೆ ಅದೂ ತಲೆಕೆಳಗಾಯ್ತು. ಕೆನಡಾದಲ್ಲಿ 1985ರಲ್ಲಿ ಶುರುವಾದ ಎಟಿಐ, 2002ರ ಆಗಸ್ಟ್‌ನಲ್ಲಿ ರೇಡಿಯಾನ್ 9700 ಪ್ರೊ ಬಿಟ್ಟಿತು. ಎನ್ವಿಡಿಯಾದ ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ಬಂದದ್ದು 2003ರಲ್ಲಿ, ತಡವಾಗಿ. ಅದರ ಫ್ಯಾನ್ ಸದ್ದು ಎಷ್ಟು ಅಂದ್ರೆ ಜನ ವ್ಯಾಕ್ಯೂಮ್ ಕ್ಲೀನರ್‌ಗೆ ಹೋಲಿಸಿ ನಗ್ತಿದ್ದರು. ಕೊನೆಗೆ ಎನ್ವಿಡಿಯಾದವರೇ ತಮ್ಮನ್ನ ತಾವು ಗೇಲಿ ಮಾಡ್ಕೊಂಡು ಒಂದು ವಿಡಿಯೋ ಮಾಡಿದರು.

ಸದ್ದು ದೊಡ್ಡ ವಿಷಯ ಅಲ್ಲ ಬಿಡಿ. ದೊಡ್ಡ ವಿಷಯ ಡೈರೆಕ್ಟ್‌ಎಕ್ಸ್ 9. ಹಳೇ ಆಟಗಳಲ್ಲಿ ಎಫ್‌ಎಕ್ಸ್ ಚೆನ್ನಾಗೇ ಓಡ್ತಿತ್ತು. ಹೊಸ ವಿಧಾನದಲ್ಲಿ ಬರೆದ ಆಟ ಬಂದಾಗ ಉಸಿರು ಕಟ್ತು. 2004ರ ನವೆಂಬರ್‌ನಲ್ಲಿ ಹಾಫ್-ಲೈಫ್ 2 ಬಂದಾಗ ಎಫ್‌ಎಕ್ಸ್ ಕಾರ್ಡುಗಳಿಗೆ ಆಟ ತಾನಾಗೇ ಹಳೇ ಡೈರೆಕ್ಟ್‌ಎಕ್ಸ್ 8 ಮಟ್ಟದ ಚಿತ್ರ ತೋರಿಸ್ತಿತ್ತು. ಅದಕ್ಕಿಂತ ಮೊದಲೇ ಬಂದಿದ್ದ 9700 ಪ್ರೊ ಅದೇ ಆಟವನ್ನ ಪೂರ್ತಿ ಅಂದದಲ್ಲಿ ತೋರಿಸ್ತು. ಕೊಂಡ ದಿನ ಕೈಯಲ್ಲಿದ್ದ ಆಟಗಳಿಂದ ಅಳೆದವರಿಗೆ ಎರಡು ವರ್ಷದ ನಂತರದ ಆಟ ಬುದ್ಧಿ ಕಲಿಸ್ತು.

2008: ಕಾದವನು ಗೆದ್ದ

2006ರಲ್ಲಿ ಎಎಂಡಿ ಸುಮಾರು 540 ಕೋಟಿ ಡಾಲರ್ ಕೊಟ್ಟು ಎಟಿಐಯನ್ನ ಕೊಂಡಿತು. ಅಲ್ಲಿಂದ ಇದು ಎರಡು ಕಂಪನಿಗಳ ಕುಸ್ತಿ. 2008ರ ಜೂನ್‌ನಲ್ಲಿ ಎನ್ವಿಡಿಯಾ ಜಿಟಿಎಕ್ಸ್ 280ನ್ನ 649 ಡಾಲರ್‌ಗೂ ಜಿಟಿಎಕ್ಸ್ 260ನ್ನ 399 ಡಾಲರ್‌ಗೂ ಬಿಟ್ಟಿತು. ಅದೇ ತಿಂಗಳು ಎಎಂಡಿ 299 ಡಾಲರ್‌ಗೆ ರೇಡಿಯಾನ್ ಎಚ್‌ಡಿ 4870 ತಂದು ನಿಲ್ಲಿಸ್ತು. ಕೆಲವೇ ವಾರಗಳಲ್ಲಿ 280ರ ಬೆಲೆ 499ಕ್ಕೆ ಇಳೀತು, 260ರದ್ದು 299ಕ್ಕೆ. ಮೊದಲ ದಿನವೇ ಓಡಿ ಹೋಗಿ ತಂದವರ 100-150 ಡಾಲರ್ ಗಾಳಿಗೆ ಹೋಯ್ತು. ಇದರ ಪಾಠ ಇಷ್ಟೇ: ಎದುರಾಳಿ ಕಾರ್ಡ್ ಇನ್ನೂ ಬರಬೇಕಿದ್ರೆ ಮೊದಲ ತಿಂಗಳು ಕೈ ಕಟ್ಕೊಂಡು ಕೂತಿರಿ.

2016: ಭಾರತದ ಮನೆಮನೆಯ ಜಗಳ

ನಮ್ಮಲ್ಲಿ ಬಹಳ ಜನರಿಗೆ ನೆನಪಿರೋ ಜೋಡಿ ಇದು. ಜೂನ್ 29ಕ್ಕೆ ಎಎಂಡಿಯ ಆರ್‌ಎಕ್ಸ್ 480 ಬಂತು, 8 ಜಿಬಿಗೆ 239 ಡಾಲರ್. ಮೂರು ವಾರಕ್ಕೆ ಎನ್ವಿಡಿಯಾದ ಜಿಟಿಎಕ್ಸ್ 1060 ಬಂತು, 6 ಜಿಬಿಗೆ 249 ಡಾಲರ್. ಎಎಂಡಿಯಲ್ಲಿ ಆಗ ಗ್ರಾಫಿಕ್ಸ್ ವಿಭಾಗದ ಮುಖ್ಯಸ್ಥರು ಆಂಧ್ರ ಮೂಲದ ರಾಜಾ ಕೋಡೂರಿ. ಆಂಧ್ರದ ಬಸ್ಸುಗಳು ಹೊರಡೋ ನಿಲ್ದಾಣ ನಮ್ಮ ಮಾಧವರಂನಲ್ಲೇ ಇರೋದ್ರಿಂದ ಅವರನ್ನ ಅರ್ಧ ನಮ್ಮೂರವರು ಅಂತಲೇ ಇಟ್ಕೊಳ್ಳೋಣ!

ಜಗಳ ಮುಖ್ಯವಾಗಿ ವ್ಯಾಟ್ ಮೇಲೆ. 480 ಅಂದ್ರೆ 150 ವ್ಯಾಟ್, 1060 ಅಂದ್ರೆ 120. "ಕರೆಂಟ್ ಬಿಲ್ ನೋಡಿದ್ದೀಯಾ" ಅಂತ ಹೆದರಿಸೋರು. ಲೆಕ್ಕ ಹಾಕಿ ನೋಡಿ. 30 ವ್ಯಾಟ್ ವ್ಯತ್ಯಾಸ, ದಿನಕ್ಕೆ 3 ಗಂಟೆ ಆಟ, 60 ದಿನ: 5.4 ಯೂನಿಟ್. ತಮಿಳುನಾಡಲ್ಲಿ ಬಿಲ್ ಎರಡು ತಿಂಗಳಿಗೊಮ್ಮೆ, ಅದರಲ್ಲಿ ಮನೆಗಳಿಗೆ ಆಗ ಮೊದಲ 100 ಯೂನಿಟ್ ಉಚಿತವಾಗಿತ್ತು. ಐದು ಯೂನಿಟ್‌ಗೋಸ್ಕರ ಕಾರ್ಡ್ ಬದಲಾಯಿಸಬೇಕಾಗಿರಲಿಲ್ಲ.

ನಿಜವಾದ ಬಲೆ ಬೇರೆ ಇತ್ತು. ಆಗಸ್ಟ್‌ನಲ್ಲಿ 199 ಡಾಲರ್‌ಗೆ ಇನ್ನೊಂದು 1060 ಬಂತು, 3 ಜಿಬಿಯದು. ಹೆಸರು ಅದೇ, ಆದರೆ ಮೆಮೊರಿ ಅರ್ಧ, ಚಿಪ್‌ನ ಕೋರ್‌ಗಳೂ 1280ರಿಂದ 1152ಕ್ಕೆ ಇಳಿದಿದ್ದವು. ಡಬ್ಬಿ ಮೇಲೆ 1060 ಅಂತಿದ್ರೆ ಸಾಕು ಅಂತ ತಂದವರಿಗೆ ಕೆಲವೇ ವರ್ಷಗಳಲ್ಲಿ ಹೊಸ ಆಟಗಳಲ್ಲಿ ಜಾಗ ಸಾಲದೇ ಬಂತು. 6 ಜಿಬಿಯವರು, 8 ಜಿಬಿಯವರು ನೆಮ್ಮದಿಯಾಗಿ ಮುಂದುವರಿದರು.

ಅವರಿಬ್ಬರಲ್ಲಿ ಗೆದ್ದದ್ದು ಯಾರು? ಪ್ರಾಮಾಣಿಕವಾಗಿ ಹೇಳಬೇಕಂದ್ರೆ ಇಬ್ಬರೂ. ಮೇಜು ದೊಡ್ಡದಿದ್ದದ್ದು 480ಕ್ಕೆ. ಮೇಸ್ತ್ರಿ ಹೆಚ್ಚು ಕಾಲ ಇದ್ದದ್ದು 1060ಕ್ಕೆ. ಎಎಂಡಿ 2023ರಲ್ಲಿ 480ರ ತಲೆಮಾರಿಗೆ ನಿಯಮಿತ ಡ್ರೈವರ್ ನಿಲ್ಲಿಸಿ, ಅಗತ್ಯ ತಿದ್ದುಪಡಿಗಳಿಗೆ ಮಾತ್ರ ಸೀಮಿತ ಮಾಡ್ತು. ಎನ್ವಿಡಿಯಾ 1060ಕ್ಕೆ 2025ರ ಅಕ್ಟೋಬರ್‌ವರೆಗೂ ಆಟಗಳ ಡ್ರೈವರ್ ಕೊಡ್ತು. ಏಳು ವರ್ಷ, ಒಂಬತ್ತು ವರ್ಷ. ಯಾವುದು ಕೊಂಡಿದ್ರೂ ಮೋಸ ಆಗಿರಲಿಲ್ಲ.

2020: ಮತ್ತೆ ಮೇಜಿನ ಕಥೆ

499 ಡಾಲರ್‌ನ ಆರ್‌ಟಿಎಕ್ಸ್ 3070ರಲ್ಲಿ 8 ಜಿಬಿ. 579 ಡಾಲರ್‌ನ ಆರ್‌ಎಕ್ಸ್ 6800ರಲ್ಲಿ 16 ಜಿಬಿ. ಬೆಳಕಿನ ಕಿರಣಗಳನ್ನ ಲೆಕ್ಕ ಹಾಕೋ ರೇ ಟ್ರೇಸಿಂಗ್‌ನಲ್ಲಿ ಎನ್ವಿಡಿಯಾ ಮುಂದೆ. ಆ ಕಾಲದಲ್ಲಿ ಕ್ರಿಪ್ಟೋ ಮೈನಿಂಗ್ ಹಾವಳಿಯಿಂದ ಆ ಬೆಲೆಗೆ ಯಾವುದೂ ಸಿಗ್ತಿರಲಿಲ್ಲ ಅನ್ನೋದು ಬೇರೆ ಮಾತು. 2023ರಲ್ಲಿ ಹಾಗ್ವರ್ಟ್ಸ್ ಲೆಗಸಿ, ದ ಲಾಸ್ಟ್ ಆಫ್ ಅಸ್ ಭಾಗ 1 ಬಂದಾಗ 3070ರ ಚಿಪ್‌ಗೆ ಶಕ್ತಿ ಇತ್ತು, 8 ಜಿಬಿ ಸಾಲಲಿಲ್ಲ. ಚಿತ್ರ ತಡವರಿಸ್ತಿತ್ತು. ತಮಾಷೆ ಅಂದ್ರೆ, ಅದರ ಹೆಮ್ಮೆಯ ರೇ ಟ್ರೇಸಿಂಗ್ ಹಾಕಿದ್ರೂ ಇನ್ನಷ್ಟು ಮೆಮೊರಿ ಬೇಕು.

ಈಗ ಮಾಧವರಂ ಲೆಕ್ಕ

ಇಷ್ಟು ಚರಿತ್ರೆ ಹೇಳಿದ್ದಕ್ಕೆ ಒಂದು ಕಾರಣ ಇದೆ. ನಮ್ಮ ಅಕ್ಕನ ಮಗ ಇಲ್ಲೇ ಇದ್ದಾನೆ, ಕೆಲಸಕ್ಕೆ ಸೇರಿ ಎರಡು ವರ್ಷ. ಮನೆಗೆ ಕೊಡೋದು ಕೊಟ್ಟು ಹತ್ತು ತಿಂಗಳು ಕೂಡಿಟ್ಟ ದುಡ್ಡು. 2019ರ ಕಂಪ್ಯೂಟರ್, ಒಂಬತ್ತನೇ ತಲೆಮಾರಿನ ಇಂಟೆಲ್ ಐ5, ಒಳಗೆ ಸೆಕೆಂಡ್ ಹ್ಯಾಂಡ್ 1060, ಅದೂ 3 ಜಿಬಿಯದ್ದೇ. "ಮಾವ, ಎಲ್ರೂ ಎನ್ವಿಡಿಯಾನೇ ತಗೋ ಅಂತಾರೆ" ಅಂದ. ಅವನ ಮುಂದಿದ್ದ ಜೋಡಿ 2025ರದ್ದು: 299 ಡಾಲರ್‌ನ ಆರ್‌ಟಿಎಕ್ಸ್ 5060, 8 ಜಿಬಿ. 349 ಡಾಲರ್‌ನ ಆರ್‌ಎಕ್ಸ್ 9060 ಎಕ್ಸ್‌ಟಿ, 16 ಜಿಬಿ. ಆ 50 ಡಾಲರ್ ಅಂತರ ಸಾಗಣೆ, ತೆರಿಗೆ ಸೇರಿ ನಮ್ಮ ಅಂಗಡಿಗೆ ಬರೋಷ್ಟರಲ್ಲಿ ಇನ್ನೂ ದೊಡ್ಡದಾಗುತ್ತೆ. ಅವನಿಗೆ ಅದು ಸಣ್ಣ ಮೊತ್ತ ಅಲ್ಲ.

ಕೂತು ಲೆಕ್ಕ ಹಾಕಿದ್ವಿ. ವ್ಯಾಟ್: 145 ಮತ್ತು 160. ದಿನಕ್ಕೆ 3 ಗಂಟೆ ಅಂದ್ರೆ ಎರಡು ತಿಂಗಳಿಗೆ 2.7 ಯೂನಿಟ್. ಪಟ್ಟಿಯಿಂದ ಹೊಡೆದು ಹಾಕಿದ್ವಿ. ಡ್ರೈವರ್: ಚರಿತ್ರೆ ಎನ್ವಿಡಿಯಾ ಕಡೆಗಿದೆ, ಅದಕ್ಕೊಂದು ಅಂಕ. ಬ್ಲೆಂಡರ್, ಎಐ ಕೆಲಸ ಇದ್ದಿದ್ರೆ ಕುಡಾ ಇರೋದ್ರಿಂದ ಇನ್ನೊಂದು ಅಂಕ, ಅಲ್ಲಿಗೆ ಮಾತು ಮುಗೀತಿತ್ತು. ಅವನು ಆಡೋದು ಆಟ ಮಾತ್ರ.

ಉಳಿದದ್ದು ಮೇಜು, ಮತ್ತು ಮೇಜಿಗೆ ಸಾಮಾನು ತರೋ ದಾರಿ. ಈ ದಾರಿ ವಿಷಯ ಹಳೇ ಕಂಪ್ಯೂಟರ್ ಇರೋರು ಗಮನಿಸಲೇಬೇಕು. ಕಾರ್ಡ್ ಕೂರೋ ಪಿಸಿಐಇ ಸ್ಲಾಟ್ ಅವನ ಬೋರ್ಡ್‌ನಲ್ಲಿ ಮೂರನೇ ತಲೆಮಾರಿನದು. 5060 ಬಳಸೋದು 8 ಲೇನ್, 9060 ಎಕ್ಸ್‌ಟಿ ಬಳಸೋದು 16. ಹೊಸ ಬೋರ್ಡ್‌ನಲ್ಲಿ ಇದು ಗೊತ್ತೇ ಆಗಲ್ಲ. ಮೂರನೇ ತಲೆಮಾರಲ್ಲಿ 8 ಲೇನ್ ಅಂದ್ರೆ ಸೆಕೆಂಡಿಗೆ ಸುಮಾರು 8 ಜಿಬಿ, 16 ಅಂದ್ರೆ ಅದರ ಎರಡರಷ್ಟು. ಮೆಮೊರಿ ತುಂಬಿ ಚೆಲ್ಲಿದಾಗ ಸಾಮಾನು ಓಡಾಡೋದು ಈ ದಾರಿಯಲ್ಲೇ. ಅಂದ್ರೆ ಅವನ ಕಂಪ್ಯೂಟರ್‌ನಲ್ಲಿ 5060ಕ್ಕೆ ಮೇಜೂ ಚಿಕ್ಕದು, ದಾರಿಯೂ ಕಿರಿದು. 2022ರಲ್ಲಿ ಎಎಂಡಿಯೇ 4 ಜಿಬಿ, 4 ಲೇನ್‌ನ ಆರ್‌ಎಕ್ಸ್ 6500 ಎಕ್ಸ್‌ಟಿ ಬಿಟ್ಟಾಗ ಹಳೇ ಬೋರ್ಡ್‌ನವರು ಅನುಭವಿಸಿದ್ದು ಇದನ್ನೇ.

ಅವನು 16 ಜಿಬಿಯ 9060 ಎಕ್ಸ್‌ಟಿ ತಗೊಂಡ. ಅಂಗಡಿಗೆ ಹೋಗೋ ಮೊದಲು ನಾನು ಹೇಳಿದ್ದು ಒಂದೇ ಮಾತು: ಡಬ್ಬಿ ಮೇಲೆ 16 ಅಂತ ನೋಡ್ಕೊಂಡು ತಗೋ. ಯಾಕಂದ್ರೆ ಅದೇ ಹೆಸರಲ್ಲಿ 8 ಜಿಬಿಯದೂ ಇದೆ. 2016ರ 1060 ಕಥೆ ಈ ಸಲ ಎಎಂಡಿ ಬಾಗಿಲಲ್ಲಿ.

ಎಎಂಡಿ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನ 2023ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತೆರೀತು. ಎನ್ವಿಡಿಯಾಗೂ ಬೆಂಗಳೂರಲ್ಲಿ ಎಂಜಿನಿಯರುಗಳಿದ್ದಾರೆ. ನಮ್ಮ ಜನರ ಕೈಕೆಲಸ ಎರಡು ಕಡೆಯೂ ಇದೆ, ಹಾಗಾಗಿ ಯಾರ ಪರವೂ ಜೈಕಾರ ಹಾಕೋ ಅಗತ್ಯ ಇಲ್ಲ.

ಅಮೆರಿಕದ ರಿವ್ಯೂಗಳು ಎರಡು ವರ್ಷಕ್ಕೊಮ್ಮೆ ಕಾರ್ಡ್ ಬದಲಾಯಿಸೋರನ್ನೂ ಮನಸ್ಸಲ್ಲಿಟ್ಟು ಮಾಡಿದ್ದು. ನಮ್ಮ ಮನೆಗಳಲ್ಲಿ ಕಾರ್ಡ್ ಐದಾರು ವರ್ಷ ದುಡಿಯುತ್ತೆ, ಆಮೇಲೆ ತಮ್ಮನಿಗೋ ಪಕ್ಕದ ಮನೆಯವರಿಗೋ ಹೋಗುತ್ತೆ. ಆದ್ದರಿಂದ ಈ ಐದೂ ಜೋಡಿ ನೋಡಿದ ಮೇಲೆ ನಾನು ಹೇಳೋದು ಇಷ್ಟು: ಇವತ್ತು ಯಾವುದು ವೇಗ ಅಂತ ಕೇಳಬೇಡಿ, ನಾಲ್ಕನೇ ವರ್ಷ ಯಾವುದಕ್ಕೆ ಏನು ಸಾಲದೇ ಬರುತ್ತೆ ಅಂತ ಕೇಳಿ. ಮೇಜು, ದಾರಿ, ಮೇಸ್ತ್ರಿ, ಈ ಮೂರನ್ನೂ ನಿಮ್ಮ ಕಂಪ್ಯೂಟರ್ ಮುಂದಿಟ್ಟುಕೊಂಡು ನೋಡಿ. ಹತ್ತು ಪರ್ಸೆಂಟ್ ಫ್ರೇಮ್ ಕಡಿಮೆ ಆದ್ರೆ ಒಂದು ಸೆಟ್ಟಿಂಗ್ ಇಳಿಸಿ ಆಡಬಹುದು. ಬೆಸುಗೆ ಹಾಕಿ ಕೂರಿಸಿದ ಮೆಮೊರಿಯನ್ನ ಮಾತ್ರ ಆಮೇಲೆ ಯಾವ ಅಂಗಡಿಯವರೂ ಸೇರಿಸಿ ಕೊಡಲ್ಲ.

ನಿಮ್ಮ ಮನೆಯಲ್ಲಿ ಅತಿ ಹೆಚ್ಚು ವರ್ಷ ದುಡಿದ ಕಾರ್ಡ್ ಯಾವುದು, ಕೊನೆಗೆ ಯಾವುದು ಸಾಲದೇ ಬಂತು ಅಂತ ಬರೆದು ತಿಳಿಸಿ. ಮುಂದಿನ ಮಾತಲ್ಲಿ ಸಿಗೋಣ.