ಬರಗಾಲದಲ್ಲೂ ಸಂಘದ ಬಾಗಿಲು ತೆರೆದಿರಲಿ



ತೋವಿನಕೆರೆ ಸೀಮೆಯ ನಮಗೆ ಬರ ಹೊಸದಲ್ಲ. 1876-78ರ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐದನೇ ಒಂದು ಪಾಲು ಜನ ಅಳಿದರೆಂದು ಇತಿಹಾಸ ಹೇಳುತ್ತದೆ. ಬರ ಬಂದಾಗೆಲ್ಲ ರೈತ ಸಾಹುಕಾರನ ಬಾಗಿಲು ಕಾಯಬೇಕಿತ್ತು. ಈ ಸಾಲದ ಉರುಳು ಬಿಡಿಸಲೆಂದು 1904ರಲ್ಲಿ ಸಹಕಾರಿ ಕಾಯ್ದೆ ಬಂತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಅದೇ ವರ್ಷ ಮೈಸೂರಿನಲ್ಲೂ ಕಾಯ್ದೆಯಾಯಿತು.

ಕಷ್ಟಕ್ಕೆಂದು ಹುಟ್ಟಿದ ಸಂಘ ಕಷ್ಟದಲ್ಲೇ ಬಾಗಿಲು ಹಾಕಿದರೆ ಏನು ಬಂತು? ಅದಕ್ಕೇ 1959ರ ನಮ್ಮ ರಾಜ್ಯದ ಕಾಯ್ದೆ, ನಿವ್ವಳ ಲಾಭದಲ್ಲಿ ಶೇ. 25ನ್ನು ಆಪದ್ಧನ ನಿಧಿಗೆ ತೆಗೆದಿಡಿ ಎನ್ನುತ್ತದೆ. ಡಿವಿಡೆಂಡ್ ಜಾಸ್ತಿ ಕೊಡಿ ಅನ್ನೋರು ಆ ಹೆಸರಿನ ಅರ್ಥ ನೋಡಬೇಕು. ಅದು ಆಪತ್ತಿನ ಧನ, ಹಂಚಿ ತಿನ್ನೋ ಧನವಲ್ಲ.

ಆದರೆ ದುಡ್ಡೊಂದೇ ಸಾಲದು. 2016ರ ನವೆಂಬರ್‌ನಲ್ಲಿ ಹಳೇ ನೋಟು ರದ್ದಾಗಿ, ಜಿಲ್ಲಾ ಸಹಕಾರಿ ಬ್ಯಾಂಕುಗಳು ಅವನ್ನು ಪಡೆಯದಂತೆ ರಿಸರ್ವ್ ಬ್ಯಾಂಕ್ ತಡೆಯಿತು. 2020ರಲ್ಲಿ ಕೊರೊನಾದಿಂದ ಓಡಾಟವೇ ನಿಂತಿತು. ಮುಂದಿನ ಆಪತ್ತು ಯಾವ ರೂಪದಲ್ಲಿ ಬರ್ತದೋ ಯಾರು ಬಲ್ಲರು?

ಆದ್ದರಿಂದ ಖಾತೆಗಳ ನಕಲು ಇನ್ನೊಂದು ಕಡೆ ಇರಬೇಕು. ಕಂಪ್ಯೂಟರ್ ಇದ್ದರೂ ಕೈಬರಹದ ಲೆಡ್ಜರ್ ಬಿಡಬಾರದು. ಕಾರ್ಯದರ್ಶಿ ಹಾಸಿಗೆ ಹಿಡಿದರೂ ಕೆಲಸ ಬಲ್ಲ ಇನ್ನೊಬ್ಬರಿರಬೇಕು. ಗೊಬ್ಬರ, ಬೀಜ ಮಳೆಗೆ ಮುಂಚೆಯೇ ಗೋದಾಮು ಸೇರಬೇಕು. ಮಳೆ ನಮ್ಮ ಕೈಲಿಲ್ಲ, ತಯಾರಿ ನಮ್ಮ ಕೈಲಿದೆ. ಬೆಳ್ಳಿ ಹಬ್ಬದ ಈ ಶುಭ ಸಂದರ್ಭದಲ್ಲಿ ನಾವೆಲ್ಲ ಸೇರಿ ಇಷ್ಟನ್ನು ತೀರ್ಮಾನಿಸೋಣ.