ಸೈಕಲ್ ಪಡೆ

ಸೈಕಲ್ ಪಡೆ: ಯುದ್ಧಕಾಲದಲ್ಲಿ ಸಂಚಾರ, ಗಸ್ತು ಹಾಗೂ ಸಂದೇಶ ರವಾನೆಗೆ ಸೈಕಲ್ ಬಳಸುವ ಸೈನಿಕ ತುಕಡಿ. ಕಾಲಾಳುಪಡೆಯ ಒಂದು ಪ್ರಭೇದ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಯುರೋಪಿನ ಸೈನ್ಯಗಳಲ್ಲಿ ರೂಪುಗೊಂಡಿತು. ಸ್ವಿಟ್ಜರ್ಲೆಂಡ್ 1891ರಲ್ಲಿ ಸ್ಥಾಪಿಸಿದ ಪಡೆ 2003ರವರೆಗೆ ಉಳಿದಿತ್ತು. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ (1899-1902) ಎರಡೂ ಪಕ್ಷಗಳು ಬೇಹುಗಾರಿಕೆಗೆ ಸೈಕಲ್ ಬಳಸಿದವು.

ಸೈಕಲ್ಲಿಗೆ ಮೇವಾಗಲಿ ಇಂಧನವಾಗಲಿ ಬೇಡ, ಸದ್ದು ಕಡಿಮೆ, ಹೊಳೆ ಅಡ್ಡಬಂದರೆ ಹೆಗಲ ಮೇಲೆ ಹೊತ್ತು ದಾಟಬಹುದು. ಕೆಸರು, ಮರಳು ಮತ್ತು ಕಂದಕಗಳಿರುವ ನೆಲದಲ್ಲಿ ಉಪಯೋಗ ಅಲ್ಪ.

1941ರ ಡಿಸೆಂಬರ್ 8ರಂದು ಮಲಯದಲ್ಲಿ ಇಳಿದ ಜಪಾನೀ ಸೇನೆಯ ಸಾವಿರಾರು ಸೈನಿಕರು ಸೈಕಲ್ಲಿನ ಮೇಲೆ ದಕ್ಷಿಣಕ್ಕೆ, ಸಿಂಗಪುರದ ಕಡೆಗೆ ಸಾಗಿದರು. ಟೈರು ಒಡೆದಾಗ ಬರಿಯ ರಿಮ್ಮಿನ ಮೇಲೆಯೇ ಸವಾರಿ ಮುಂದುವರಿಯಿತು. ರಾತ್ರಿಯಲ್ಲಿ ಆ ಕರ್ಕಶ ಸದ್ದನ್ನು ಎದುರಾಳಿಗಳು ಟ್ಯಾಂಕುಗಳದೆಂದು ಭ್ರಮಿಸಿದ್ದನ್ನು ಜಪಾನೀ ಅಧಿಕಾರಿ ಮಸನೊಬು ತ್ಸುಜಿ ದಾಖಲಿಸಿದ್ದಾನೆ. ಬ್ರಿಟಿಷ್, ಭಾರತೀಯ ಹಾಗೂ ಆಸ್ಟ್ರೇಲಿಯನ್ ಸೈನಿಕರು ಕಾಯುತ್ತಿದ್ದ ಸಿಂಗಪುರ 1942ರ ಫೆಬ್ರುವರಿ 15ರಂದು ಶರಣಾಯಿತು.

ವಿಯೆಟ್ನಾಮಿನ ದಿಯೆನ್ ಬಿಯೆನ್ ಫು ಕದನದಲ್ಲಿ (1954) ಫ್ರೆಂಚರ ವಿರುದ್ಧ ಹೋರಾಡಿದ ವಿಯೆಟ್ನಾಮೀಯರಿಗೆ ಸೈಕಲ್ ಸರಕು ಸಾಗಣೆಯ ಸಾಧನವಾಯಿತು. ಹ್ಯಾಂಡಲ್ಲಿಗೂ ಸೀಟಿನ ಹಿಂದಕ್ಕೂ ಬಿದಿರಿನ ಗಳು ಕಟ್ಟಿ, 200 ಕಿ.ಗ್ರಾಂ.ಗೂ ಹೆಚ್ಚು ಅಕ್ಕಿ, ಮದ್ದುಗುಂಡುಗಳನ್ನು ಹೇರಿ, ಬೆಟ್ಟದ ದಾರಿಗಳಲ್ಲಿ ತಳ್ಳಿಕೊಂಡು ಹೋಗಲಾಯಿತು. ಫ್ರೆಂಚರ ಸೋಲಿಗೆ ಈ ಸಾಗಣೆ ವ್ಯವಸ್ಥೆಯೂ ಒಂದು ಮುಖ್ಯ ಕಾರಣ. ಮೋಟಾರು ವಾಹನಗಳು ಹೆಚ್ಚಿದಂತೆ ಸೈಕಲ್ ಪಡೆಗಳು ಕ್ರಮೇಣ ವಿಸರ್ಜನೆಗೊಂಡವು.